ಜಿಪ್ಸಮ್ ಬೋರ್ಡ್ ಗೋಡೆಯ ಜಾಯಿಂಟ್ ಫಿನಿಶಿಂಗ್: ಪುಣೆಯಲ್ಲಿ ಕಾಕಾ ಕಲಿಸಿದ ಕೈ

ಸಿಂಹಗಡ ರೋಡಿನ ಕಡೆ ಧಾಯರಿಯಲ್ಲಿರೋ ನಮ್ಮ ಫ್ಲಾಟಿನ ಹಾಲ್‌ನಲ್ಲಿ ಪಾರ್ಟಿಷನ್ ಹಾಕಿ ಮಗಳಿಗೆ ಒಂದು ಓದೋ ಕೋಣೆ ಮಾಡೋ ಕೆಲಸ ಇದು. ಗೋಡೆ ಸುಮಾರು ಹನ್ನೊಂದು ಅಡಿ ಉದ್ದ, ಒಂಬತ್ತೂವರೆ ಅಡಿ ಎತ್ತರ, ನಡುವೆ ಒಂದು ಬಾಗಿಲು. ಜಿಐ (ಸತು ಲೇಪಿಸಿದ ತಗಡಿನ) ಚಾನೆಲ್‌ನ ಫ್ರೇಮು, ಎರಡೂ ಕಡೆ 12.5 ಮಿಮೀ ಜಿಪ್ಸಮ್ ಬೋರ್ಡು, ಒಳಗೆ ಸದ್ದು ಕಡಿಮೆಯಾಗ್ಲಿ ಅಂತ ರಾಕ್‌ವೂಲ್. ಫ್ರೇಮ್ ನಿಲ್ಲಿಸಿ ಬೋರ್ಡ್ ಬಡಿಯೋದನ್ನ ಕೂಲಿ ಕೊಟ್ಟು ಮಾಡಿಸಿದೆ, ಆದ್ರೆ ಜಾಯಿಂಟ್ ತುಂಬಿ ಪೇಂಟಿಗೆ ರೆಡಿ ಮಾಡೋವರೆಗಿನ ಕೆಲಸ ಮಾತ್ರ ನಾನೇ ಕಲಿತು ನನ್ನ ಕೈಯಲ್ಲೇ ಮಾಡ್ಬೇಕು ಅಂತ ಮೊದಲೇ ಗಟ್ಟಿ ಮಾಡ್ಕೊಂಡಿದ್ದೆ.

ಯಾಕಂದ್ರೆ ಬೆಡ್‌ರೂಮಿನಲ್ಲಿ ನಾವು ಮನೆ ತಗೊಂಡಾಗ ಒಬ್ಬ ಕಾಂಟ್ರಾಕ್ಟರ್ ಮಾಡಿಕೊಟ್ಟಿದ್ದ ಪಾರ್ಟಿಷನ್ ಇದೆ, ಒಂದು ಮಳೆಗಾಲ ಮುಗಿಯೋದ್ರೊಳಗೆ ಅದರ ಪ್ರತಿ ಜಾಯಿಂಟಿನ ಮೇಲೂ ಕೂದಲೆಳೆಯಂಥ ಸೀಳು ಬಿದ್ದಿತ್ತು, ಪೇಂಟ್ ಮೇಲೆ ಪೇಂಟ್ ಹೊಡೆಸಿದ್ರೂ ಅದೇ ಜಾಗದಲ್ಲಿ ಮತ್ತೆ ಬರೋದು. ಒಂದು ಕಡೆ ಕೆರೆದು ನೋಡಿದ್ರೆ ಒಳಗೆ ಟೇಪೇ ಇಲ್ಲ, ಬರೀ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತುಂಬಿ ಮೇಲೆ ಲಾಂಬಿ (ಪುಟ್ಟಿ) ಎಳೆದು ಪೇಂಟ್ ಹೊಡೆದಿದ್ದಾರೆ. ಪಿಒಪಿ ಗಟ್ಟಿ ವಸ್ತು, ಆದ್ರೆ ಎಳೆತ ತಡೆಯೋ ಶಕ್ತಿ ಅದಕ್ಕಿಲ್ಲ, ಎರಡು ಬೋರ್ಡು ಒಂದು ಎಳೆಯಷ್ಟು ಅಲುಗಾಡಿದ್ರೂ ಅದು ಸೀಳುತ್ತೆ. ಆ ಎಳೆತ ತಡ್ಕೊಳ್ಳೋದೇ ಟೇಪಿನ ಕೆಲಸ. ಇದು ಓದಿ ತಿಳ್ಕೊಳ್ಳೋದು ಸುಲಭ, ವೀಡಿಯೋನೂ ಬೇಕಾದಷ್ಟಿವೆ, ಆದ್ರೆ ಪಟ್ಟಿ (ಹಚ್ಚಿ ಎಳೆಯೋ ಅಗಲ ತಗಡಿನ ಚಾಕು) ಹಿಡಿದ ಕೈ ಎಷ್ಟು ಒತ್ತುತ್ತೆ ಅನ್ನೋದು ವೀಡಿಯೋದಲ್ಲಿ ಕಾಣಲ್ಲ.

ನನಗೆ ಈ ಕೆಲಸ ಕಲಿಸಿದ ಕಾಕಾ ಸಿಕ್ಕಿದ್ದು ನಮ್ಮ ಬಿಲ್ಡಿಂಗಿನ ಲಿಫ್ಟ್‌ನಲ್ಲೇ. ಮೇಲಿನ ಫ್ಲೋರಿನ ಫ್ಲಾಟಲ್ಲಿ ಫಾಲ್ಸ್ ಸೀಲಿಂಗ್ ಕೆಲಸ ನಡೀತಿತ್ತು, ಅವರು ಫೋನಲ್ಲಿ ಯಾರಿಗೋ ಕನ್ನಡದಲ್ಲಿ ಸಾಮಾನಿನ ಲೆಕ್ಕ ಹೇಳ್ತಿದ್ರು, ನಾನು ಮಾತಾಡಿಸಿದೆ. ವಿಜಯಪುರ ಜಿಲ್ಲೆ ಇಂಡಿ ಕಡೆಯವರು, ಹುಡುಗರಾಗಿದ್ದಾಗ ಪುಣೆಗೆ ಬಂದು ಗೌಂಡಿ ಕೈ ಕೆಳಗೆ ಗಮೇಲಾ (ಗಾರೆ ಬಾಂಡ್ಲಿ) ಹೊತ್ತು, ಆಮೇಲೆ ಸಿಮೆಂಟ್ ಗಿಲಾವು, ಆಮೇಲೆ ಪಿಒಪಿ, ಈಗ ಜಿಪ್ಸಮ್ ಬೋರ್ಡು, ಹೀಗೆ ಗೋಡೆ ಬದಲಾದ ಹಾಗೆ ಕೆಲಸನೂ ಬದಲಾಯಿಸ್ಕೊಂಡು ಬಂದವರು. ಅವರ ಜೊತೆ ಪಶ್ಚಿಮ ಬಂಗಾಳದ ಮಾಲ್ದಾ ಕಡೆಯ ಒಬ್ಬ ಹುಡುಗ ಇದ್ದಾನೆ, ಟೇಪ್ ಹಾಕೋದ್ರಲ್ಲಿ ಅವನ ಕೈ ನೋಡ್ತಾ ನಿಂತ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ನನಗೆ ಕಲಿಸಿ, ನಿಮ್ಮಿಬ್ಬರ ಹಾಜ್ರಿ (ದಿನಗೂಲಿ) ಪೂರ್ತಿ ಕೊಡ್ತೀನಿ ಅಂದೆ. ಕಾಕಾ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಕೆಲಸ ಮಾಡಿಸವ್ರು ಭಾಳ ಮಂದಿ ಸಿಕ್ಕಾರ ತಂಗಿ, ಕಲಿತೀನಿ ಅಂದವ್ರು ಕಮ್ಮಿ. ಬರ್ತೀನಿ ನಡಿ" ಅಂದ್ರು. ಕಲಿಸೋದಕ್ಕೂ ಹಾಜ್ರಿ ಕೊಡ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಆ ಕೈ ತಯಾರಾಗೋಕೆ ಅವರು ಎಷ್ಟು ವರ್ಷ ಸವೆಸಿದ್ದಾರೆ ಅಂತ ಪಕ್ಕದಲ್ಲಿ ನಿಂತು ಕೆಲಸ ಮಾಡಿದ್ರೆ ಗೊತ್ತಾಗುತ್ತೆ.

ಬೋರ್ಡ್ ಬಗ್ಗೆ ಮೊದ್ಲು. ನಮ್ಮಲ್ಲಿ ಜಾಸ್ತಿ ಸಿಗೋದು ಆರಡಿ ನಾಲ್ಕಡಿ ಶೀಟು, ಅಂದ್ರೆ 1830 ಇಂಟು 1220 ಮಿಮೀ, ಹಿಂಬದಿಯಲ್ಲಿ ಭಾರತೀಯ ಮಾನಕದ ಐಎಸ್ 2095 ಅಂತ ಅಚ್ಚಾಗಿದೆಯಾ ನೋಡ್ಕೊಂಡು ತಗೊಳ್ಳಿ. ಇನ್ನೂ ಉದ್ದದ ಶೀಟುಗಳೂ ಬರ್ತವೆ, ಆದ್ರೆ ಅವು ಲಿಫ್ಟ್‌ನಲ್ಲಿ ಹಿಡಿಯಲ್ಲ, ಮೆಟ್ಟಿಲ ತಿರುವಿನಲ್ಲಿ ತಿರುಗಲ್ಲ, ಹಾಗಾಗಿ ಫ್ಲಾಟಿನವರಿಗೆಲ್ಲ ಆರಡಿಯೇ ಗತಿ. ಟೇಪರ್ಡ್ ಎಡ್ಜ್ ಅಂತ ಕೇಳಿ ತರ್ಬೇಕು. ಅದರ ಉದ್ದದ ಅಂಚುಗಳೆರಡೂ ಫ್ಯಾಕ್ಟರಿಯಲ್ಲೇ ಸ್ವಲ್ಪ ತೆಳುವಾಗಿರ್ತವೆ, ಎರಡು ಶೀಟು ಪಕ್ಕಪಕ್ಕ ನಿಂತಾಗ ನಡುವೆ ಒಂದು ಆಳವಿಲ್ಲದ ತಗ್ಗು ಆಗುತ್ತೆ, ಟೇಪು, ಜಾಯಿಂಟ್ ತುಂಬೋ ಕಾಂಪೌಂಡು ಎರಡೂ ಆ ತಗ್ಗಿನೊಳಗೇ ಕೂತ್ಕೊಳ್ಳುತ್ತೆ, ಮೇಲೆ ಉಬ್ಬಲ್ಲ. ತೊಂದ್ರೆ ಇರೋದು ಅಡ್ಡ ಅಂಚುಗಳಲ್ಲಿ. ಒಂಬತ್ತೂವರೆ ಅಡಿ ಎತ್ತರಕ್ಕೆ ಆರಡಿ ಶೀಟು ಸಾಲಲ್ಲ, ಮೇಲೆ ಮೂರೂವರೆ ಅಡಿ ತುಂಡು ಬರಲೇಬೇಕು, ಅಲ್ಲಿ ತಗ್ಗು ಇರಲ್ಲ, ಎರಡು ಮೊಂಡು ಅಂಚು ತಾಗಿ ನಿಂತಿರ್ತವೆ. ಇದನ್ನ ಬಟ್ ಜಾಯಿಂಟ್ ಅಂತಾರೆ, ಇಡೀ ಗೋಡೆಯ ಪರೀಕ್ಷೆ ಅಲ್ಲೇ. ಕಾಕಾ ಬೋರ್ಡ್ ಬಡಿಯೋರಿಗೆ ಮೊದಲೇ ಹೇಳಿಸಿದ್ರು: ಒಂದು ಸಾಲಿನಲ್ಲಿ ತುಂಡು ಮೇಲೆ ಬಂದ್ರೆ ಪಕ್ಕದ ಸಾಲಿನಲ್ಲಿ ಕೆಳಗೆ ಬರ್ಬೇಕು, ಅಡ್ಡ ಗೆರೆ ಒಂದೇ ನೇರಕ್ಕೆ ಓಡಬಾರದು, ಆ ಅಡ್ಡ ಜಾಯಿಂಟಿನ ಹಿಂದೆ ಒಂದು ಚಾನೆಲ್ ತುಂಡು ಇಟ್ಟು ಎರಡೂ ಶೀಟನ್ನ ಅದಕ್ಕೇ ಸ್ಕ್ರೂ ಮಾಡ್ಬೇಕು, ಬಾಗಿಲ ಮೂಲೆಯ ನೇರಕ್ಕೆ ಜಾಯಿಂಟ್ ಬರಲೇಬಾರದು, ಅಲ್ಲಿ ಶೀಟನ್ನ ಎಲ್ ಆಕಾರಕ್ಕೆ ಕತ್ತರಿಸಿ ಕೂರಿಸಬೇಕು. ಬಾಗಿಲು ಧಡಾರ್ ಅಂತ ಹಾಕೋ ಮನೆಗಳಲ್ಲಿ ಮೊದಲ ಸೀಳು ಬರೋದೇ ಆ ಮೂಲೆಯಿಂದ.

ಸಾಮಾನು ತಂದಿದ್ದು ರವಿವಾರ ಪೇಟೆಯ ಬೋಹರಿ ಆಳಿಯಿಂದ. ನಾಲ್ಕಿಂಚು, ಆರಿಂಚಿನ ಪಟ್ಟಿ ಎಲ್ಲಾ ಕಡೆ ಸಿಗುತ್ತೆ, ಹತ್ತಿಂಚಿನದ್ದಕ್ಕೆ ನಾಲ್ಕು ಅಂಗಡಿ ಹತ್ತಿ ಇಳೀಬೇಕು. ಹನ್ನೆರಡಿಂಚಿನ ಕೆಲಸಕ್ಕೆ ಕಾಕಾ ತಮ್ಮ ಗುರ್ಮಾಲಾನೇ (ಗಿಲಾವಿನ ಉದ್ದ ಕರಣೆ) ಬಳಸ್ತಾರೆ, ಸವೆದು ಸವೆದು ಅದರ ತಗಡು ಎಷ್ಟು ತೆಳ್ಳಗಾಗಿದೆ ಅಂದ್ರೆ ಬೆರಳಲ್ಲಿ ಒತ್ತಿದ್ರೆ ಬಾಗುತ್ತೆ, ಅದನ್ನ ಯಾರಿಗೂ ಕೊಡಲ್ಲ. ಹೊಸ ಪಟ್ಟಿ ತಂದ ತಕ್ಷಣ ಅವರು ಮಾಡಿದ್ದು ಅದರ ಎರಡೂ ಚೂಪು ಮೂಲೆಗಳನ್ನ ಕಾನಸಿನಿಂದ (ಅರದಿಂದ) ಒಂದಿಷ್ಟು ಉಜ್ಜಿ ಗುಂಡಗೆ ಮಾಡಿದ್ದು. ಚೂಪು ಮೂಲೆ ಹಸಿ ಕಾಂಪೌಂಡಿನಲ್ಲಿ ಗೆರೆ ಎಳೆಯುತ್ತೆ, ಆ ಗೆರೆ ಮುಚ್ಚೋಕೆ ಇನ್ನೊಂದು ಸಲ ಎಳೀಬೇಕು, ಅದು ಇನ್ನೊಂದು ಗೆರೆ ಬಿಡುತ್ತೆ. ಈ ಸಣ್ಣ ಕೆಲಸ ನಾನು ಯಾವ ವೀಡಿಯೋದಲ್ಲೂ ನೋಡಿರ್ಲಿಲ್ಲ.

ಗೋಡೆ ಮುಟ್ಟೋ ಮೊದ್ಲು ಉಳಿದ ಬೋರ್ಡಿನ ತುಂಡುಗಳನ್ನ ಬಾಲ್ಕನಿಯಲ್ಲಿ ಎರಡು ಚಾನೆಲ್ ಮೇಲೆ ಬಡಿದು ನಿಲ್ಲಿಸಿದ್ರು, ಒಂದು ಕಡೆ ಟೇಪರ್ ಜಾಯಿಂಟು, ಇನ್ನೊಂದು ಕಡೆ ಬಟ್ ಜಾಯಿಂಟು, ಒಂದು ಒಳಮೂಲೆ. ಕಲಿಯೋದೆಲ್ಲ ಅದರ ಮೇಲೆ. ಇದನ್ನ ಯಾರು ಮಾಡ್ಬೇಕು ಅಂತಿದ್ರೂ ಖಂಡಿತ ಮಾಡಿ, ತುಂಡುಗಳು ಹೇಗೂ ಕಸಕ್ಕೇ ಹೋಗೋದು.

ಸ್ಕ್ರೂ ಪರೀಕ್ಷೆಯಿಂದ ಶುರು. ಮಧ್ಯದಲ್ಲಿ 300 ಮಿಮೀಗೆ ಒಂದು, ಅಂಚಿನಲ್ಲಿ 200ಕ್ಕೆ ಒಂದು, 25 ಮಿಮೀ ಕಪ್ಪು ಸ್ಕ್ರೂ. ತಲೆ ಪೇಪರಿಗಿಂತ ಒಂದು ಕೂದಲಷ್ಟು ಒಳಗೆ ಕೂರಬೇಕು, ಆದ್ರೆ ಪೇಪರ್ ಹರೀಬಾರದು, ಯಾಕಂದ್ರೆ ಸ್ಕ್ರೂ ಬೋರ್ಡನ್ನ ಹಿಡಿಯೋದೇ ಆ ಪೇಪರಿನಿಂದ. ಕಾಕಾ ಖಾಲಿ ಪಟ್ಟಿಯನ್ನ ಗೋಡೆ ಮೇಲೆ ಸುಮ್ಮನೆ ಎಳ್ಕೊಂಡು ಹೋಗ್ತಾರೆ, ಎಲ್ಲಿ ಟಿಕ್ ಅಂತ ಸದ್ದು ಬಂತೋ ಅಲ್ಲಿ ಸ್ಕ್ರೂ ಮೇಲಿದೆ, ಕೈ ಡ್ರೈವರ್‌ನಲ್ಲಿ ಕಾಲು ಸುತ್ತು ತಿರುಗಿಸು, ಮುಂದೆ ನಡಿ. ಪೇಪರ್ ಹರಿದಿರೋ ಕಡೆ ಆ ಸ್ಕ್ರೂ ನೆಚ್ಕೋಬಾರದು, ಎರಡಿಂಚು ಆಚೆ ಇನ್ನೊಂದು ಹಾಕ್ಬೇಕು. ಕಣ್ಣಿಗಿಂತ ಕಿವಿಗೆ ಬೇಗ ಸಿಗೋ ಕೆಲಸ ಇದು.

ಕಾಂಪೌಂಡ್ ಎರಡು ತರ. ಪುಡಿ ರೂಪದಲ್ಲಿ ಬರೋ ಸೆಟ್ಟಿಂಗ್ ಕಾಂಪೌಂಡು ನೀರು ಸೇರಿದ ಮೇಲೆ ರಾಸಾಯನಿಕವಾಗಿ ಗಟ್ಟಿಯಾಗುತ್ತೆ, ಗಾಳಿಯಲ್ಲಿ ಒಣಗೋ ತನಕ ಕಾಯಲ್ಲ. ಜಿಪ್ಸಮ್ ಕಲ್ಲನ್ನ ಕಾಯಿಸಿ ಅದರಲ್ಲಿರೋ ನೀರಿನ ಮುಕ್ಕಾಲು ಭಾಗ ಓಡಿಸಿದ್ರೆ ಸಿಗೋದೇ ಪ್ಲಾಸ್ಟರ್ ಆಫ್ ಪ್ಯಾರಿಸ್, ಅದಕ್ಕೆ ಮತ್ತೆ ನೀರು ಕೊಟ್ರೆ ವಾಪಸ್ ಜಿಪ್ಸಮ್ ಹರಳಾಗಿ ಕಟ್ಕೊಳ್ಳುತ್ತೆ, ಸೆಟ್ಟಿಂಗ್ ಕಾಂಪೌಂಡಿನಲ್ಲಿ ನಡೆಯೋದೂ ಇದೇ. ಕುಗ್ಗೋದು ಕಡಿಮೆ, ಗಟ್ಟಿ ಜಾಸ್ತಿ, ಆದ್ರೆ ಉಜ್ಜೋದು ಕಷ್ಟ. ಇನ್ನೊಂದು ಬಕೆಟ್ಟಿನಲ್ಲಿ ಬರೋ ರೆಡಿಮಿಕ್ಸು, ಅದು ನೀರು ಆವಿಯಾಗಿ ಒಣಗೋ ಜಾತಿ, ಒಣಗ್ತಾ ಕುಗ್ಗುತ್ತೆ, ಉಜ್ಜೋಕೆ ಮೆತ್ತಗೆ. ಹಾಗಾಗಿ ಸಂದು ತುಂಬೋಕೆ, ಟೇಪ್ ಕೂರಿಸೋಕೆ ಪುಡಿ, ಮೇಲಿನ ಕೋಟುಗಳಿಗೆ ರೆಡಿಮಿಕ್ಸ್. ಪುಡಿ ಕಲಸೋವಾಗ ಬಕೆಟ್ಟು ಚೊಕ್ಕ ಇರ್ಬೇಕು ಅನ್ನೋದ್ರಲ್ಲಿ ಮಾಲ್ದಾ ಹುಡುಗ ಬಹಳ ಕಟ್ಟುನಿಟ್ಟು. ಹಿಂದಿನ ಸಲದ ಗಟ್ಟಿಯಾದ ತುಣುಕು ಒಂದಿದ್ರೂ ಅದರ ಹರಳಿನ ಸುತ್ತ ಹೊಸದು ಬೇಗ ಬೇಗ ಕಟ್ಕೊಳ್ತಾ ಹೋಗುತ್ತೆ, ಅರ್ಧ ಗಂಟೆ ಸಿಗಬೇಕಾದಲ್ಲಿ ಹತ್ತು ನಿಮಿಷಕ್ಕೆ ಬಕೆಟ್ಟಿನಲ್ಲೇ ಬಿಗಿಯುತ್ತೆ. "ದೀದಿ, ಗಮೇಲಾ ತೊಳೆಯೋದ್ರಲ್ಲಿ ಸೋಮಾರಿತನ ಮಾಡಿದ್ರೆ ಮಾಲು (ಕಲಸಿದ ಕಾಂಪೌಂಡು) ನಮ್ಮನ್ನ ಓಡಿಸುತ್ತೆ" ಅಂತ ಹಿಂದಿಯಲ್ಲಿ ಹೇಳ್ತಾ ಪ್ರತಿ ಸಲ ಅಂಚನ್ನೂ ಸ್ಪಂಜಿನಿಂದ ಒರೆಸ್ತಾನೆ. ನೀರು ಮೊದ್ಲು, ಪುಡಿ ಆಮೇಲೆ, ಎರಡು ನಿಮಿಷ ನೆನೆಯೋಕೆ ಬಿಟ್ಟು ಆಮೇಲೆ ಕಲಸೋದು. ಟೇಪಿನ ಕೋಟಿಗೆ ಗಟ್ಟಿ ಮೊಸರಿನ ಹದ, ಮುಂದಿನ ಕೋಟುಗಳಿಗೆ ಇನ್ನೊಂಚೂರು ಸಡಿಲ.

ಬಟ್ ಜಾಯಿಂಟಿನ ಎರಡೂ ಅಂಚನ್ನ ಕಟರ್‌ನಿಂದ ಓರೆಯಾಗಿ ಸವರಿ ವಿ ಆಕಾರದ ಸಣ್ಣ ಕಾಲುವೆ ಮಾಡಿ, ಎದ್ದಿರೋ ಪೇಪರ್ ಎಳೆಗಳನ್ನೆಲ್ಲ ಕಿತ್ತು, ಎಲ್ಲಾ ಸಂದುಗಳನ್ನೂ ಪುಡಿ ಕಾಂಪೌಂಡಿನಿಂದ ತುಂಬಿ ಬಿಗಿಯೋಕೆ ಬಿಟ್ವಿ. ಟೇಪ್ ಇನ್ನೂ ಇಲ್ಲ. ಸಂದು ಖಾಲಿ ಬಿಟ್ಟು ಮೇಲೆ ಟೇಪ್ ಎಳೆದ್ರೆ ಟೇಪು ಗಾಳಿಯ ಮೇಲೆ ಸೇತುವೆ ಕಟ್ಟಿದ ಲೆಕ್ಕ ಆಗುತ್ತೆ ಅಂತ ಕಾಕಾ ಈ ಹಂತ ಬಿಡಲ್ಲ.

ಇಲ್ಲಿಂದ ಟೇಪು. ಅಂಗಡಿಗಳಲ್ಲಿ ಅಂಟಿರೋ ಫೈಬರ್ ಜಾಲರಿ ಟೇಪೇ ಜಾಸ್ತಿ ಕೊಡ್ತಾರೆ, ಅಂಟಿಸೋಕೆ ಸುಲಭ ಅಂತ. ಜಾಲರಿ ಬಳಸೋದಾದ್ರೆ ಮೇಲೆ ಪುಡಿ ಕಾಂಪೌಂಡೇ ಹಾಕ್ಬೇಕು, ರೆಡಿಮಿಕ್ಸ್ ಹಾಕಿದ್ರೆ ಸೀಳೋದು ಜಾಸ್ತಿ. ಚಪ್ಪಟೆ ಜಾಯಿಂಟಿಗೂ ಮೂಲೆಗೂ ಕಾಕಾರ ಆಯ್ಕೆ ಪೇಪರ್ ಟೇಪು. ಅದರ ನಡುವೆ ಉದ್ದಕ್ಕೂ ಒಂದು ಮಡಿಕೆ ಗೆರೆ ಇರುತ್ತೆ. ಹುಡುಗ ಟೇಪ್ ಕೈಗೆ ತಗೊಂಡ ತಕ್ಷಣ ಹೆಬ್ಬೆರಳಿನಿಂದ ಆ ಗೆರೆ ಸವರಿ ನೋಡ್ತಾನೆ, ಒಂದು ಬದಿಯಲ್ಲಿ ಗೆರೆ ಸ್ವಲ್ಪ ಉಬ್ಬಿರುತ್ತೆ, ಆ ಉಬ್ಬು ಗೋಡೆ ಕಡೆಗೆ ಹೋಗ್ಬೇಕು. ತಿರುಗಿಸಿ ಹಾಕಿದ್ರೆ ಕೊನೆಗೆ ಪೇಂಟ್ ಕೆಳಗೆ ಆ ಏಣು ಉದ್ದಕ್ಕೂ ತೋರುತ್ತೆ.

ಅವನು ಎಡಗೈಯಲ್ಲಿ ಗುರ್ಮಾಲಾ ಹಿಡಿದು ಅದರ ಮೇಲೆ ಮಾಲು ಇಟ್ಕೋತಾನೆ, ಬಲಗೈಯಲ್ಲಿ ಆರಿಂಚಿನ ಪಟ್ಟಿ. ಪಟ್ಟಿಯ ಪೂರ್ತಿ ಅಗಲಕ್ಕೆ ಮಾಲು ತಗೊಂಡು ಜಾಯಿಂಟಿನ ಮೇಲೆ ಮೇಲಿಂದ ಕೆಳಗೆ ಒಂದೇ ಎಳೆತ, ದಪ್ಪ ಎಲ್ಲೂ ಹೆಚ್ಚು ಕಡಿಮೆ ಇಲ್ಲ. ಟೇಪನ್ನ ಮೇಲೆ ಒತ್ತಿ ಹಿಡಿದು ನಡುವಿನಿಂದ ಶುರು ಮಾಡಿ ಮೊದ್ಲು ಮೇಲಕ್ಕೆ, ಆಮೇಲೆ ಕೆಳಕ್ಕೆ ಪಟ್ಟಿ ಎಳೀತಾನೆ, ಎರಡೂ ಕಡೆಯಿಂದ ಮಾಲು ಹೊರಗೆ ಹಿಂಡ್ಕೊಂಡು ಬರೋದು ಕಾಣ್ಬೇಕು. ಎಲ್ಲಿ ಹಿಂಡ್ಕೊಂಡು ಬರ್ಲಿಲ್ವೋ ಅಲ್ಲಿ ಕೆಳಗೆ ಮಾಲು ಸಾಲ್ದು, ಅಲ್ಲೇ ನಾಳೆ ಗುಳ್ಳೆ ಏಳೋದು, ಅವನು ಅಲ್ಲಿಗೆ ನಿಲ್ಲಿಸಿ ಟೇಪ್ ಎತ್ತಿ ಮಾಲು ಹಾಕಿ ಮತ್ತೆ ಕೂರಿಸ್ತಾನೆ. ಹಾಗಂತ ಪೂರ್ತಿ ಹಿಂಡಿ ತೆಗೆದ್ರೂ ಆಗಲ್ಲ, ಟೇಪಿನ ಕೆಳಗೆ ಒಂದು ತೆಳು ಪದರ ಉಳೀಲೇಬೇಕು, ಅಂಟಿಸೋದು ಅದೇ. ಹಿಂಡಿ ಬಂದ ಮಾಲನ್ನ ಅದೇ ಪಟ್ಟಿಯಲ್ಲಿ ತೆಗೆದು ಟೇಪಿನ ಮೇಲೇ ತೆಳ್ಳಗೆ ಸವರಿ ಮುಂದೆ ಹೋಗ್ತಾನೆ.

ನನ್ನ ಕೈಗೆ ಪಟ್ಟಿ ಕೊಟ್ಟಾಗ ಕಾಕಾ ಮೊದ್ಲು ತಿದ್ದಿದ್ದು ಬೆರಳು. ನಾವು ಚಾಕು ಹಿಡಿದ ಹಾಗೆ ಹಿಡಿಕೆ ಬಿಗಿಯಾಗಿ ಹಿಡೀತೀವಿ. ಅವರು ನನ್ನ ತೋರುಬೆರಳನ್ನ ಎತ್ತಿ ಪಟ್ಟಿಯ ತಗಡಿನ ಹೊರಮೂಲೆಯ ಮೇಲೆ ಇಟ್ಟು, ಹೆಬ್ಬೆರಳನ್ನ ಹಿಂಬದಿಗೆ ಕೊಟ್ಟು, ಹಿಡಿಕೆಯನ್ನ ಉಳಿದ ಬೆರಳುಗಳಲ್ಲಿ ಸಡಿಲವಾಗಿ ಬಿಡಿಸಿದ್ರು. ಆಮೇಲೆ ನನ್ನ ಬೆರಳ ಮೇಲೆ ತಮ್ಮ ಬೆರಳಿಟ್ಟು ಒಂದು ಸಲ ಎಳೆದ್ರು. ಆಗ ಗೊತ್ತಾಯ್ತು ಎಷ್ಟು ಭಾರ ಅಂತ. ಜಾಯಿಂಟಿನಿಂದ ದೂರ ಇರೋ ಮೂಲೆ ಬೋರ್ಡಿಗೆ ತಾಗಿ ಸರ್ ಅಂತ ಒಣ ಸದ್ದು ಮಾಡ್ಬೇಕು, ಜಾಯಿಂಟಿನ ಮೇಲಿರೋ ಮೂಲೆ ಮಾಲಿನ ಮೇಲೆ ತೇಲಬೇಕು. ಒಂದೇ ಪಟ್ಟಿ, ಒಂದು ಮೂಲೆಗೆ ಪೂರ್ತಿ ಭಾರ, ಇನ್ನೊಂದಕ್ಕೆ ಏನೂ ಇಲ್ಲ. ಹಾಗೆ ಎಳೆದ್ರೆ ಮಾಲು ನಡುವೆ ದಪ್ಪ ಇದ್ದು ಹೊರಗೆ ಹೋಗ್ತಾ ಹೋಗ್ತಾ ತೆಳ್ಳಗಾಗಿ ಅಂಚಿನಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಮುಗಿಯುತ್ತೆ. "ಹಚ್ಚೂದ್ ದೊಡ್ಡ ಕೆಲಸ ಅಲ್ಲ ತಂಗಿ, ತಗಿಯೂದ ಕೆಲಸ. ಎಷ್ಟ್ ಉಳಿಸ್ಬೇಕು ಅನ್ನೂದ್ ಬಟ್ಟಿಗೆ ಗೊತ್ತಾಗ್ಬೇಕು." ಜಾಯಿಂಟಿನ ಎಡಕ್ಕೆ ಒಂದು ಎಳೆತ, ಬಲಕ್ಕೆ ಒಂದು, ಕೊನೆಗೆ ನಡುವೆ ಭಾರವೇ ಇಲ್ಲದ ಒಂದು. ಮೂರು ಎಳೆತ, ಅಷ್ಟೇ, ಪಟ್ಟಿ ಗೋಡೆಯಿಂದ ದೂರ. ನಾಲ್ಕನೇದು ಎಳೀಬೇಕು ಅಂತ ಕೈ ತುರಿಸುತ್ತೆ, ಆದ್ರೆ ಮಾಲು ಬಿಗಿಯೋಕೆ ಶುರುವಾದ ಮೇಲೆ ಕೈ ಹಾಕಿದ್ರೆ ಅದು ಕಿತ್ಕೊಂಡು ಬರುತ್ತೆ. ಸಣ್ಣ ಗೆರೆ ಉಳಿದಿದ್ರೆ ಉಳೀಲಿ, ಒಣಗಿದ ಮೇಲೆ ಪಟ್ಟಿಯ ಅಂಚಿನಿಂದ ಸವರಿದ್ರೆ ಉದುರುತ್ತೆ.

ಕೋನದ ಮಾತು ಒಂದಿದೆ. ಪಟ್ಟಿಯನ್ನ ಗೋಡೆಗೆ ಹತ್ತಿರ ಮಲಗಿಸಿ ಎಳೆದ್ರೆ ಮಾಲು ಉಳಿಯುತ್ತೆ, ನಿಲ್ಲಿಸಿ ಎಳೆದ್ರೆ ಮಾಲು ಬರುತ್ತೆ. ಕಾಕಾರ ಮಣಿಕಟ್ಟು ಒಂದೇ ಎಳೆತದಲ್ಲಿ ಮೇಲೆ ಮಲಗಿ ಶುರುವಾಗಿ ಕೆಳಗೆ ಬರ್ತಾ ಬರ್ತಾ ಏಳುತ್ತೆ, ಯಾಕಂದ್ರೆ ಮೇಲೆ ಪಟ್ಟಿಯಲ್ಲಿ ಮಾಲು ಜಾಸ್ತಿ, ಕೆಳಗೆ ಬರೋಷ್ಟರಲ್ಲಿ ಕಡಿಮೆ, ಎರಡೂ ಕಡೆ ಒಂದೇ ದಪ್ಪ ಬೀಳ್ಬೇಕಂದ್ರೆ ಕೋನ ಬದಲಾಗಲೇಬೇಕು. ನಾನು ಇದನ್ನ ಬಾಲ್ಕನಿಯ ತುಂಡಿನ ಮೇಲೆ ಹಚ್ಚೋದು, ಕೆರೆದು ತೆಗೆಯೋದು, ಮತ್ತೆ ಹಚ್ಚೋದು ಅಂತ ಕೈ ಕೂರೋ ತನಕ ಮಾಡಿದೆ, ಕತ್ತಲಾಗಿದ್ದು ಮಗಳು ಬಂದು ಲೈಟ್ ಹಾಕಿದಾಗ್ಲೇ ಗೊತ್ತಾಗಿದ್ದು.

ಒಳಮೂಲೆಗೆ ಟೇಪನ್ನ ಮಡಿಕೆ ಗೆರೆಯಲ್ಲಿ ಮಡಚಿ ಕೂರಿಸೋದು, ಆಮೇಲಿನ ಕೋಟನ್ನ ಮಾತ್ರ ಒಂದು ಬದಿಗೆ ಹಚ್ಚಿ ಅದು ಪೂರ್ತಿ ಒಣಗಿದ ಮೇಲೆ ಇನ್ನೊಂದು ಬದಿಗೆ. ಎರಡನ್ನೂ ಒಟ್ಟಿಗೆ ಮಾಡೋಕೆ ಹೋದ್ರೆ ಒಂದು ಬದಿಯ ಪಟ್ಟಿ ಇನ್ನೊಂದು ಬದಿಯ ಹಸಿ ಕೋಟನ್ನ ಗೀರುತ್ತೆ. ಬಾಗಿಲ ಹೊರಮೂಲೆಗಳಿಗೆ ಪಿವಿಸಿ ಕಾರ್ನರ್ ಬೀಡ್ ಹಾಕಿದ್ವಿ, ಅದರಲ್ಲಿ ಹೇಳೋ ಅಂಥದ್ದೇನಿಲ್ಲ.

ಹೊಸ ಬೋರ್ಡು ಹಳೇ ಇಟ್ಟಿಗೆ ಗೋಡೆಗೆ ಸೇರೋ ಕಡೆ, ಮೇಲೆ ಸ್ಲ್ಯಾಬಿಗೆ ತಾಗೋ ಕಡೆ ಟೇಪ್ ಹಾಕ್ಲಿಲ್ಲ. ಕಾಂಕ್ರೀಟು, ಇಟ್ಟಿಗೆ ಒಂದು ರೀತಿ ಹಿಗ್ಗಿ ಕುಗ್ಗುತ್ತೆ, ಬೋರ್ಡಿನ ಫ್ರೇಮು ಇನ್ನೊಂದು ರೀತಿ, ಅವೆರಡನ್ನ ಗಟ್ಟಿಯಾಗಿ ಕಟ್ಟಿದ್ರೆ ಸೀಳು ಗ್ಯಾರಂಟಿ. ಅಲ್ಲಿ ಮೂರು ಮಿಮೀ ಸಂದು ಬಿಟ್ಟು ಪೇಂಟ್ ಹಿಡಿಯೋ ಅಕ್ರಿಲಿಕ್ ಸೀಲಂಟ್ ತುಂಬಿದ್ದು, ಅದು ರಬ್ಬರಿನ ಗುಣದ್ದು, ಗೋಡೆಯ ಜೊತೆ ಎಳೆದಾಡುತ್ತೆ. ಸಿಲಿಕೋನ್ ತರಬೇಡಿ, ಅದರ ಮೇಲೆ ಪೇಂಟ್ ನಿಲ್ಲಲ್ಲ. ಕೆಳಗೂ ಬೋರ್ಡು ನೆಲಕ್ಕೆ ತಾಗದ ಹಾಗೆ ಹತ್ತು ಮಿಮೀ ಎತ್ತಿರೋದು, ನೆಲ ಒರೆಸೋ ನೀರು ಹೀರ್ಕೋಬಾರದು ಅಂತ, ಸ್ಕರ್ಟಿಂಗ್ ಬಂದ್ರೆ ಅದು ಮುಚ್ಚುತ್ತೆ.

ಎರಡನೇ ಕೋಟು ಹತ್ತಿಂಚಿನ ಪಟ್ಟಿಯಲ್ಲಿ, ಮೂರನೇದು ಗುರ್ಮಾಲಾದಲ್ಲಿ, ಪ್ರತಿ ಸಲ ಹಿಂದಿನದ್ದಕ್ಕಿಂತ ಎರಡು ಮೂರು ಇಂಚು ಅಗಲ. ನಮ್ಮ ಕೆಲಸ ನಡೆದಿದ್ದು ಆಗಸ್ಟ್‌ನಲ್ಲಿ, ಪುಣೆಯಲ್ಲಿ ಬಿಸಿಲು ಅನ್ನೋದೇ ಕಾಣದ ದಿನಗಳು, ಗಾಳಿಯಲ್ಲಿ ಆಗಲೇ ತುಂಬಿರೋ ತೇವಕ್ಕೆ ರೆಡಿಮಿಕ್ಸಿನ ನೀರು ಎಲ್ಲಿಗೆ ಹೋಗ್ಬೇಕು, ರಾತ್ರಿ ಹಚ್ಚಿದ್ದು ಮಾರನೇ ಸಂಜೆಗೂ ಒಣಗಿರಲ್ಲ. ಬಣ್ಣ ನೋಡಿ ಹೇಳಬಹುದು, ಹಸಿ ಇರೋ ಕಡೆ ಮಬ್ಬು, ಒಣಗಿದ ಕಡೆ ಸುಣ್ಣದ ಬಿಳಿ. ಕಾಕಾ ಅದನ್ನೂ ನಂಬದೆ ಕೈಯ ಹಿಂಭಾಗವನ್ನ ಜಾಯಿಂಟಿಗೆ ತಾಗಿಸಿ ನೋಡೋರು, ತಣ್ಣಗಿದ್ರೆ ಒಳಗೆ ನೀರಿದೆ. ಒಣಗದ ಕೋಟಿನ ಮೇಲೆ ಮತ್ತೊಂದು ಹಚ್ಚಿದ್ರೆ ಕೆಳಗಿನದು ತಡವಾಗಿ ಕುಗ್ಗಿ ಪೇಂಟ್ ಆದ ಮೇಲೆ ಜಾಯಿಂಟು ಒಳಗೆ ಇಳಿದ ಹಾಗೆ ಕಾಣುತ್ತೆ. ಫ್ಯಾನ್ ಹಾಕಿ ಬಾಲ್ಕನಿ ಬಾಗಿಲು ಒಂಚೂರು ತೆಗೆದಿಟ್ಟು ಕಾಯೋದು ಬಿಟ್ರೆ ದಾರಿ ಇಲ್ಲ. ಅವಸರ ಇರೋರು ಮಳೆಗಾಲದಲ್ಲಿ ಎರಡನೇ ಕೋಟಿಗೂ ಪುಡಿ ಕಾಂಪೌಂಡೇ ಬಳಸ್ಲಿ.

ಬಟ್ ಜಾಯಿಂಟ್ ಬಗ್ಗೆ ಇನ್ನಷ್ಟು ಹೇಳ್ಬೇಕು, ಯಾಕಂದ್ರೆ ನಾನು ಕಲಿತದ್ದರಲ್ಲಿ ಅತಿ ಬೆಲೆಬಾಳೋದು ಅದೇ. ಅಲ್ಲಿ ತಗ್ಗಿಲ್ಲ, ಟೇಪು ಬೋರ್ಡಿನ ಮೇಲೇ ಕೂತಿದೆ, ಅಂದ್ರೆ ಉಬ್ಬು ಇದ್ದೇ ಇರುತ್ತೆ, ಅದನ್ನ ತೆಗೆಯೋಕಾಗಲ್ಲ. ಮಾಡ್ಬೇಕಾದ್ದು ಆ ಉಬ್ಬನ್ನ ಕಣ್ಣು ಹಿಡಿಯದಷ್ಟು ಅಗಲಕ್ಕೆ ಹರಡೋದು. ಟೇಪಿನ ಮೇಲೆ ಏನೂ ಹಾಕದೆ, ಟೇಪಿನ ಮೇಲಿನ ಅಂಚಿಗೆ ತಾಗಿ ಒಂದು ಗುರ್ಮಾಲಾ ಅಗಲದ ಪಟ್ಟೆ, ಕೆಳಗಿನ ಅಂಚಿಗೆ ತಾಗಿ ಇನ್ನೊಂದು ಪಟ್ಟೆ, ಎರಡರಲ್ಲೂ ಭಾರ ಹೊರ ಅಂಚಿಗೆ. ಅದು ಒಣಗಿದ ಮೇಲೆ ನಡುವೆ ಒಂದು ತೆಳು ಕೋಟು. ಒಟ್ಟು ಅಗಲ ಎರಡಡಿ ಮೀರುತ್ತೆ, ನೋಡೋಕೆ ಗೋಡೆಯ ಕಾಲು ಭಾಗಕ್ಕೆ ಕಾಂಪೌಂಡ್ ಹಚ್ಚಿದ ಹಾಗೆ ಕಾಣುತ್ತೆ, ಆದ್ರೆ ದಪ್ಪ ಎಲ್ಲೂ ಎರಡು ಮಿಮೀ ಮೀರಲ್ಲ. ಕಾಕಾ ಅಲ್ಯೂಮಿನಿಯಂ ಫಂಟಿಯನ್ನ (ಸಮ ನೋಡೋ ನೇರ ಸಲಾಕೆ) ಜಾಯಿಂಟಿಗೆ ಅಡ್ಡ ಇಟ್ಟು ಎರಡೂ ತುದಿ ಒತ್ತಿ ತೂಗಿ ನೋಡೋರು. ಫಂಟಿ ನಡುವಿನ ಮೇಲೆ ತೂಗಿದ್ರೆ ಉಬ್ಬಿದೆ, ಆಗ ನಡುವೆ ಕೆರೆಯೋದಲ್ಲ, ಬದಿಗಳಿಗೆ ಇನ್ನೊಂದು ಪಟ್ಟೆ. "ಉಬ್ಬ ಕಡಿಬ್ಯಾಡ, ಬಾಜೂಕ ತುಂಬು" ಅಂತ ಒಂದೇ ಮಾತು. ಕೆರೆದ್ರೆ ಟೇಪೇ ಸಿಗುತ್ತೆ, ಟೇಪ್ ಸವೆದ್ರೆ ಮತ್ತೆ ಅದೇ ಸೀಳು.

ಬೆಡ್‌ರೂಮಿನ ಹಳೇ ಗೋಡೆಯನ್ನೂ ಇದರ ನಡುವೆಯೇ ಸರಿ ಮಾಡಿದೆ. ಸೀಳಿನ ಉದ್ದಕ್ಕೂ ಎರಡೂ ಕಡೆ ಮೂರು ಮೂರು ಇಂಚು ಪೇಂಟು, ಲಾಂಬಿ ಎಲ್ಲ ಬೋರ್ಡಿನ ಪೇಪರ್ ಕಾಣೋ ತನಕ ಹುಷಾರಾಗಿ ಕೆರೆದು, ಸಡಿಲ ಪಿಒಪಿ ಕಿತ್ತು, ಜಾಯಿಂಟಿನ ಅಕ್ಕಪಕ್ಕ ಸ್ಕ್ರೂ ಅಲುಗಾಡ್ತಿದೆಯಾ ಅಂತ ಒತ್ತಿ ನೋಡಿ ಹೊಸದು ನಾಲ್ಕು ಹಾಕಿ, ಆಮೇಲೆ ಹೊಸ ಗೋಡೆಗೆ ಮಾಡಿದ ಹಾಗೇ ತುಂಬೋದು, ಟೇಪು, ಕೋಟುಗಳು. ಸ್ಕ್ರೂ ನೋಡದೆ ಟೇಪ್ ಹಾಕಬೇಡಿ, ಅಲುಗಾಡೋ ಬೋರ್ಡಿಗೆ ಯಾವ ಟೇಪೂ ಆಗಿಬರಲ್ಲ.

ಫಿನಿಶಿಂಗ್ ಎಷ್ಟರ ಮಟ್ಟಿಗೆ ಬೇಕು ಅನ್ನೋದಕ್ಕೆ ಅಮೆರಿಕದ ಜಿಪ್ಸಮ್ ಅಸೋಸಿಯೇಷನ್ನಿನ ಜಿಎ-214 ಅನ್ನೋ ದಾಖಲೆಯಲ್ಲಿ 0ಯಿಂದ 5ರವರೆಗೆ ಮಟ್ಟ ಗೊತ್ತು ಮಾಡಿದ್ದಾರೆ. ಮ್ಯಾಟ್ ಪೇಂಟಿಗೆ 4 ಸಾಕು, ಅಂದ್ರೆ ಟೇಪಿನ ಮೇಲೆ ಇನ್ನೆರಡು ಕೋಟು. ಹೊಳಪಿನ ಪೇಂಟಿಗೆ ಅಥವಾ ಗೋಡೆಗೆ ಓರೆಯಾಗಿ ಬೆಳಕು ಬೀಳೋ ಕಡೆ 5 ಬೇಕು, ಅಂದ್ರೆ ಇಡೀ ಗೋಡೆಗೆ ಒಂದು ತೆಳು ಕೋಟು. ನಮ್ಮ ಗೋಡೆ ಬಾಲ್ಕನಿಯ ಗಾಜಿನ ಬಾಗಿಲಿಗೆ ನೇರ ಲಂಬವಾಗಿದೆ, ಪಡುವಣ ದಿಕ್ಕು, ಸಂಜೆ ಬಿಸಿಲು ಗೋಡೆಯನ್ನ ಸವರ್ಕೊಂಡೇ ಹೋಗುತ್ತೆ, ಹಾಗಾಗಿ 5ನೇದೇ. ಈ ಮಟ್ಟದ ಹೆಸರು ಕಾಕಾಗೆ ಗೊತ್ತಿಲ್ಲ, ಆದ್ರೆ ಬಾಲ್ಕನಿ ನೋಡಿದ ಕೂಡ್ಲೇ "ಇದಕ್ಕ ಪೂರ್ತಿ ಎಳೀಬೇಕಾಗತೈತಿ" ಅಂತ ಮೊದಲೇ ಹೇಳಿದ್ರು. ಹಿಂಜವಡಿಯ ಒಂದು ಆಫೀಸ್ ಕೆಲಸದಲ್ಲಿ ರೋಲರಿನಿಂದ ತೆಳು ಕಾಂಪೌಂಡ್ ಬಳಿದು ಹಿಂದೆಯೇ ಗುರ್ಮಾಲಾ ಎಳೆಯೋದನ್ನ ಹುಡುಗ ಮಾಡಿದ್ದ, ನಮ್ಮಲ್ಲೂ ಹಾಗೇ ಮಾಡಿದ್ವಿ, ಅವನು ರೋಲರು, ನಾನು ಹಿಂದೆ ಗುರ್ಮಾಲಾ. ಸಡಿಲ ಮಾಲು, ಗಟ್ಟಿ ಒತ್ತು, ಹಚ್ಚಿದ್ದೆಲ್ಲ ತೆಗೆದ ಹಾಗೇ, ಪೇಪರಿನ ರಂಧ್ರದಲ್ಲಿ ಉಳಿದಷ್ಟೇ ಉಳೀಬೇಕು.

ಉಜ್ಜೋದು ಎಲ್ಲಕ್ಕಿಂತ ಕೊನೆಗೆ. ಇದರಲ್ಲಿ ನನ್ನ ಮಾತು ಗಟ್ಟಿ: ಜಾಯಿಂಟನ್ನ ಸಮ ಮಾಡೋದು ಪಟ್ಟಿಯ ಕೆಲಸ, ಪಾಲಿಶ್ ಪೇಪರಿನ ಪಾಲಿಗೆ ನುಣುಪು ಮಾಡೋದಷ್ಟೇ ಉಳೀಬೇಕು. ದಪ್ಪ ಹಚ್ಚಿ ಆಮೇಲೆ ಉಜ್ಜಿ ಸರಿ ಮಾಡ್ತೀನಿ ಅಂತ ಹೊರಟ ಗೋಡೆಗಳಲ್ಲಿ ಮೆತ್ತಗಿನ ಕಾಂಪೌಂಡ್ ಸವೆದು ಅಕ್ಕಪಕ್ಕದ ಬೋರ್ಡಿನ ಪೇಪರ್ ನಾರು ಎದ್ದು, ಪೇಂಟ್ ಬಿದ್ದ ಮೇಲೆ ಅದು ತುಪ್ಪಳದ ಪಟ್ಟೆಯಾಗಿ ಕಾಣುತ್ತೆ. ನಾವು ಬಳಸಿದ್ದು 180ರ ಪೇಪರು, ಚಪ್ಪಟೆ ಮರದ ತುಂಡಿಗೆ ಸುತ್ತಿ, ಒಂದೇ ಒಂದು ಕೈ. ಧೂಳಿನ ಬಗ್ಗೆ ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. ಕಾಂಪೌಂಡಿನ ಧೂಳು ಬಹಳ ಸಣ್ಣದು, ಕೆಲವು ಕಾಂಪೌಂಡಿನಲ್ಲಿ ಸಿಲಿಕಾನೂ ಇರುತ್ತೆ, ಈ ಕೆಲಸದವರು ವರ್ಷಗಟ್ಟಲೆ ಮೂಗಿಗೆ ಟವೆಲ್ ಕಟ್ಕೊಂಡು ಅದನ್ನೇ ಉಸಿರಾಡಿರ್ತಾರೆ. ನಾನು ಮೂವರಿಗೂ ಎನ್95 ಮಾಸ್ಕ್ ತಂದಿಟ್ಟೆ, ಕೆಲಸ ಮಾಡಿಸೋರು ಯಾರೇ ಆದ್ರೂ ಪೇಂಟು, ಪುಡಿಯ ಲೆಕ್ಕದ ಜೊತೆ ಇದನ್ನೂ ಸೇರಿಸಿ, ದುಬಾರಿ ಏನಲ್ಲ.

ಸಂಜೆ ಎಲ್ಲಾ ಲೈಟ್ ಆರಿಸಿ ಟಾರ್ಚನ್ನ ಗೋಡೆಗೆ ಆನಿಸಿ ಬೆಳಕು ಗೋಡೆಯ ಉದ್ದಕ್ಕೂ ಓಡೋ ಹಾಗೆ ಹಿಡಿದು ನೋಡಿದ್ವಿ. ಹಗಲಲ್ಲಿ ಕಾಣದ ತಗ್ಗು, ಏಣು ಎಲ್ಲ ನೆರಳು ಬಿಟ್ಕೊಂಡು ನಿಲ್ತವೆ. ಸಿಕ್ಕಿದ್ದಕ್ಕೆಲ್ಲ ಪೆನ್ಸಿಲ್ ಸುತ್ತು ಹಾಕ್ಕೊಂಡು ಹೋಗೋದು. ಬಾಲ್‌ಪೆನ್ ಬೇಡ, ಅದರ ಇಂಕು ಎಷ್ಟು ಕೋಟ್ ಪೇಂಟ್ ಹೊಡೆದ್ರೂ ಮೇಲೆ ಜಿನುಗಿ ಬರುತ್ತೆ. ಕಾಕಾ ಮಾತ್ರ ಟಾರ್ಚ್ ಹಿಡಿದ ನಮ್ಮ ಹಿಂದೆ ಕಣ್ಣು ಮುಚ್ಚಿ ಅಂಗೈ ಸವರ್ಕೊಂಡು ಬಂದ್ರು, ನಾವು ಬಿಟ್ಟಿದ್ದ ಎರಡು ಕಡೆ ಅವರ ಕೈ ನಿಂತಿತು. "ಟಾರ್ಚ್ ಸುಳ್ಳು ಹೇಳೂದಿಲ್ಲ, ಆದ್ರ ತೋರ್ಸಿದ್ದಷ್ಟ ತೋರಸ್ತೈತಿ" ಅಂದು ಅಲ್ಲೇ ಪೆನ್ಸಿಲ್ ಇಸ್ಕೊಂಡ್ರು.

ಪೇಂಟಿಗೆ ಮೊದ್ಲು ನೀರಿನ ಪ್ರೈಮರ್ ಒಂದು ಕೋಟು. ಕಾಂಪೌಂಡು ಪೇಂಟ್ ಹೀರೋ ರೀತಿಯೇ ಬೇರೆ, ಬೋರ್ಡಿನ ಪೇಪರ್ ಹೀರೋದೇ ಬೇರೆ, ಪ್ರೈಮರ್ ಇಲ್ಲದೆ ಹೊಡೆದ್ರೆ ಜಾಯಿಂಟುಗಳು ಮಂಕು ಪಟ್ಟೆಗಳಾಗಿ ತೋರ್ತವೆ, ಎಷ್ಟೇ ಸಮ ಇದ್ರೂ. ಪ್ರೈಮರ್ ಆದ ಮೇಲೆ ಇನ್ನೊಮ್ಮೆ ಟಾರ್ಚು, ಸಣ್ಣ ಪುಟ್ಟ ತಗ್ಗುಗಳಿಗೆ ರೆಡಿಮಿಕ್ಸ್, ಅಷ್ಟಕ್ಕೆ ಮಾತ್ರ ಪ್ರೈಮರ್, ಆಮೇಲೆ ಮ್ಯಾಟ್ ಎರಡು ಕೋಟು ರೋಲರಿನಿಂದ.

ಗೋಡೆಯ ಹಾಲ್ ಕಡೆಯ ಮುಖ ಈಗ ಪೇಂಟ್ ಸಮೇತ ಮುಗಿದಿದೆ, ಸಂಜೆ ಬಿಸಿಲಿನಲ್ಲೂ ಜಾಯಿಂಟ್ ಎಲ್ಲಿದೆ ಅಂತ ನನಗೇ ಹುಡುಕೋಕಾಗ್ತಿಲ್ಲ. ಕೋಣೆಯ ಒಳಮುಖಕ್ಕೆ ಪ್ರೈಮರ್ ಆಗಿದೆ, ಬಣ್ಣ ಯಾವುದು ಅಂತ ಮಗಳು ಇನ್ನೂ ತೀರ್ಮಾನ ಮಾಡಿಲ್ಲ. ದಸರಾ ಕಳೆದು ಹವಾ ಒಣಗಿದ ಮೇಲೆ ಪ್ಯಾಸೇಜಿನ ಸೀಲಿಂಗ್ ಕೈಗೆತ್ತಿಕೊಳ್ಳೋದು. ಸೀಲಿಂಗಿನಲ್ಲಿ ಕೈ ತಲೆ ಮೇಲೆ ಇರೋದ್ರಿಂದ ಮಾಲು ಇನ್ನೂ ಒಂಚೂರು ಗಟ್ಟಿ ಇರ್ಬೇಕಂತೆ, ಪಟ್ಟಿಗೆ ಅರ್ಧದಷ್ಟೇ ಮಾಲು ತಗೋಬೇಕಂತೆ, ಕಾಕಾ ಆಗಲೇ ಬಾಲ್ಕನಿಯ ತುಂಡುಗಳನ್ನ ಎಸೀಬೇಡ, ಎರಡು ಸ್ಟೂಲಿನ ನಡುವೆ ಮೇಲಕ್ಕೆ ಕಟ್ಟಿ ಇಡು ಅಂತ ಹೇಳಿ ಹೋಗಿದ್ದಾರೆ.